ಚೌಕಟ್ಟು ಬದಿಗಿಡಿ, ಕಥೆಗೆ ದಾರಿ ಬಿಡಿ: ಸಣ್ಣಕಥೆ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಅವರೆಕಾಳು ಹಿಚುಕುವ ಕೆಲಸ ಇರುತ್ತಿತ್ತು. ನೆನೆಸಿದ ಕಾಳಿನ ಪಾತ್ರೆ ಮಧ್ಯದಲ್ಲಿ, ಸುತ್ತ ನಾವು ಮಕ್ಕಳು, ಗೋಡೆಗೆ ಒರಗಿ ಅಜ್ಜಿ. ಕಾಳು ಹಿಚುಕುತ್ತಾ ಅಜ್ಜಿ ಕಥೆ ಹೇಳುತ್ತಿದ್ದರು. ಪಾತ್ರೆಯಲ್ಲಿ ಕಾಳು ಜಾಸ್ತಿ ಉಳಿದಿದ್ದರೆ ಕಥೆಯಲ್ಲಿ ಇನ್ನೊಂದು ಕಾಡು ಬರುತ್ತಿತ್ತು. ಕಾಡಿನಲ್ಲಿ ಒಬ್ಬಳು ಮುದುಕಿ, ಆ ಮುದುಕಿಗೊಂದು ಗಿಣಿ. ಕಾಳು ಮುಗಿಯುತ್ತಾ ಬಂದಿದ್ದರೆ ರಾಜಕುಮಾರ ಬೇಗ ಊರು ಸೇರುತ್ತಿದ್ದ. ಒಂದೇ ಕಥೆಯನ್ನು ಹತ್ತಾರು ಸಲ ಕೇಳಿದ್ದೇನೆ. ಪ್ರತಿ ಸಲವೂ ಉದ್ದ ಬೇರೆ, ದಾರಿ ಬೇರೆ. ಒಂದು ಸಲವೂ ಕಥೆ ದಿಕ್ಕು ತಪ್ಪಿತು ಅಂತ ಅನ್ನಿಸಲಿಲ್ಲ.

ನಾನೇ ಬರೆಯಲು ಕೂತಾಗ ಇದೆಲ್ಲ ಮರೆತೇಹೋಗಿತ್ತು. ನೋಟ್‌ಬುಕ್ಕಿನಲ್ಲಿ ಗೋಪುರ ಎಳೆದುಕೊಂಡೆ. ಪರಿಚಯ, ಸಮಸ್ಯೆ, ಏರು, ತುದಿ, ಇಳಿಜಾರು, ಮುಕ್ತಾಯ. ಒಂದೊಂದಕ್ಕೂ ಇಷ್ಟಿಷ್ಟು ಪುಟ ಅಂತ ಹಂಚಿದೆ. ಹಾಗೆ ಬರೆದ ಕಥೆಗಳಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವುಗಳಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

ಆ ಗೋಪುರದ ಚಿತ್ರ ಜರ್ಮನಿಯ ಗುಸ್ತಾಫ್ ಫ್ರೈಟಾಗ್ 1863ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಅವರು ನೋಡುತ್ತಿದ್ದದ್ದು ಐದು ಅಂಕದ ನಾಟಕಗಳನ್ನು. ಅದೂ ಆಗಲೇ ಬರೆದು ಮುಗಿದಿದ್ದ ನಾಟಕಗಳನ್ನು. ನಮ್ಮ ನಾಟ್ಯಶಾಸ್ತ್ರದಲ್ಲೂ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಅಂತ ಐದು ಸಂಧಿಗಳಿವೆ, ಅಂದರೆ ಕಥೆ ಬೆಳೆಯುವ ಐದು ಘಟ್ಟಗಳು. ಅದೂ ನಾಟಕದ ಮಾತೇ. ಇವುಗಳನ್ನು ಓದಬಾರದು ಅಂತ ನಾನು ಹೇಳುತ್ತಿಲ್ಲ, ಓದಿದರೆ ಒಳ್ಳೆಯದೇ. ಆದರೆ ಖಾಲಿ ಹಾಳೆ ಮುಂದೆ ಇಟ್ಟುಕೊಂಡು ಕೂತಾಗ ಅವು ತಲೆಯಲ್ಲಿ ಇರಬೇಕಾಗಿಲ್ಲ. ಅವುಗಳ ಸರದಿ ಬರುವುದು ಬರೆದು ಮುಗಿದ ಮೇಲೆ. ಅದನ್ನು ಏಳನೆಯ ಹೆಜ್ಜೆಯಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪತ್ತೇದಾರಿ ಕಥೆಗೆ ಈ ದಾರಿ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ಯಾರು, ಯಾವಾಗ, ಎಲ್ಲಿದ್ದರು ಅನ್ನುವ ಲೆಕ್ಕ ಮುಂಚೆಯೇ ಬೇಕು. ಇದು ಎರಡು ಮೂರು ಸಾವಿರ ಪದಗಳ, ಮನುಷ್ಯರ ಬಗ್ಗೆ ಬರೆಯುವ ಕಥೆಗೆ.

1. ಕೈಗೆ ಸಿಗುವ ಒಂದು ವಸ್ತುವಿನಿಂದ ಶುರು ಮಾಡಿ

"ಒಡೆದ ಕುಟುಂಬದ ಬಗ್ಗೆ ಬರೆಯಬೇಕು" ಅಂತ ಕೂತರೆ ಕಥೆ ಹೊರಡುವುದಿಲ್ಲ, ಭಾಷಣ ಹೊರಡುತ್ತದೆ. ಮುಟ್ಟಲು ಸಿಗುವಂಥದ್ದು ಏನಾದರೂ ಬೇಕು. ಒಂದು ಬೀಗ, ಅಡ್ಡಗೋಡೆಯ ಮೇಲಿನ ಡಬ್ಬಿ, ಯಾರೋ ಬಿಟ್ಟುಹೋದ ಕೊಡೆ.

ಉದಾಹರಣೆಗೆ ನನ್ನದೇ ಒಂದು ಕಥೆ ಹುಟ್ಟಿದ ಬಗೆಯನ್ನು ಉದ್ದಕ್ಕೂ ಹೇಳುತ್ತಾ ಹೋಗುತ್ತೇನೆ. ಅದು ಶುರುವಾದದ್ದು ಬಸ್ ಟಿಕೆಟ್ಟಿನಿಂದ. ಚಿಲ್ಲರೆ ಇಲ್ಲದಾಗ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಎಷ್ಟು ಅಂತ ಪೆನ್ನಿನಲ್ಲಿ ಗೀಚಿ ಕೊಡುತ್ತಾರಲ್ಲ, ಆ ಟಿಕೆಟ್ಟು. ತೆಳು ಕಾಗದ, ಬೆವರಿಗೆ ಒದ್ದೆಯಾಗಿ ಸುರುಳಿ ಸುತ್ತಿಕೊಂಡದ್ದು. ಹಿಂದೆ 7 ಅಂತ ಒಂದು ಅಂಕಿ. ಕಥೆ ಹೇಗೆ ಮುಗಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಟಿಕೆಟ್ಟು ಯಾರ ಕೈಯಲ್ಲಿದೆ ಅಂತ ಮಾತ್ರ ಕೇಳಿಕೊಂಡೆ. ಸವಿತಾ, ಮೂವತ್ತೆಂಟು ವರ್ಷ, ಹಾಸನದಿಂದ ಸಕಲೇಶಪುರದ ಕಡೆ ಹೋಗುವ ಬಸ್ಸಿನ ಕಿಟಕಿ ಪಕ್ಕದ ಸೀಟು. ಅಪ್ಪ ತೀರಿಕೊಂಡು ವರ್ಷ ಆಗಿದೆ. ಮನೆ ಭಾಗದ ವಿಷಯ ಮಾತಾಡಲು ಅಣ್ಣನ ಮನೆಗೆ ಹೊರಟಿದ್ದಾಳೆ.

ಶುರು ಮಾಡಲು ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಗೊತ್ತಿದ್ದರೆ ಬರೆಯುವಾಗ ನಿಮಗೆ ಕುತೂಹಲ ಉಳಿಯುವುದಿಲ್ಲ.

2. ಒಂದೆರಡು ಗೂಟ ನೆಡಿ, ಬೇಲಿ ಬೇಡ

ಹಾಗಂತ ಏನೂ ಗೊತ್ತಿಲ್ಲದೆ ಹೊರಡಿ ಅಂತಲ್ಲ. ನನ್ನ ಅಜ್ಜಿಯ ಕಥೆಗಳಲ್ಲಿ ಒಂದೆರಡು ವಿಷಯ ಎಂದೂ ಬದಲಾಗುತ್ತಿರಲಿಲ್ಲ. ಗಿಣಿ ಮಾತಾಡಲೇಬೇಕು. ಕಿರಿಯ ಸೊಸೆ ಬಾವಿಗೆ ಇಳಿಯಲೇಬೇಕು. ಉಳಿದದ್ದು ಆ ರಾತ್ರಿಗೆ ಬಿಟ್ಟದ್ದು.

ಇದೇ ಕೆಲಸವನ್ನು ಇನ್ನೂ ದೊಡ್ಡದಾಗಿ ನೋಡಬೇಕು ಅಂದರೆ ತಾಳಮದ್ದಳೆಗೆ ಹೋಗಿ. ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ. ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಕೃಷ್ಣ ಸಂಧಾನಕ್ಕೆ ಹೋಗಲೇಬೇಕು, ಸಂಧಾನ ಮುರಿಯಲೇಬೇಕು. ಅದು ಮೊದಲೇ ಗಟ್ಟಿ. ಆದರೆ ಈ ರಾತ್ರಿ ಕೌರವ ಏನು ಕೇಳುತ್ತಾನೆ, ಕೃಷ್ಣ ಅದಕ್ಕೆ ಏನು ಹೇಳುತ್ತಾನೆ ಅನ್ನುವುದು ಅಲ್ಲೇ, ಆ ಕ್ಷಣಕ್ಕೆ ಹುಟ್ಟಬೇಕು. ಎದುರಿನವರು ಯಾರೂ ಎಣಿಸದ ಪ್ರಶ್ನೆ ಎಸೆದರೆ ಪಾತ್ರ ಬಿಡದೆ ಉತ್ತರ ಕೊಡಬೇಕು. ಒಳ್ಳೆಯ ಅರ್ಥಧಾರಿ ತಬ್ಬಿಬ್ಬಾಗುವುದಿಲ್ಲ, ಯಾಕೆಂದರೆ ತನ್ನ ಕೌರವ ಎಂಥವನು ಅಂತ ಅವನಿಗೆ ಒಳಗಿಂದ ಗೊತ್ತಿರುತ್ತದೆ.

ನಿಮ್ಮ ಕಥೆಗೂ ಹೀಗೆ ಒಂದೆರಡು ಗೂಟ ಸಾಕು. ನನ್ನ ಗೂಟಗಳು ಎರಡೇ: ಸವಿತಾ ಅಣ್ಣನ ಮನೆ ತಲುಪುತ್ತಾಳೆ. ಟಿಕೆಟ್ಟು ಅವಳ ಹತ್ತಿರವೇ ಉಳಿಯುತ್ತದೆ. ಒಂದು ಚೀಟಿಯಲ್ಲಿ ಇಷ್ಟು ಬರೆದು ಪಕ್ಕಕ್ಕೆ ಇಟ್ಟೆ.

3. ಬರೆಯುವ ಮೊದಲು ಬಾಯಲ್ಲಿ ಹೇಳಿ

ಊರಿನಲ್ಲಿ ಕಥೆ ಹೇಳುವಾಗ ಕೇಳುವವರಲ್ಲಿ ಒಬ್ಬರು "ಹ್ಞೂಂ" ಅನ್ನುತ್ತಾ ಇರಬೇಕಿತ್ತು. ಹೂಂಗುಟ್ಟುವುದು ನಿಂತರೆ ಹೇಳುವವರೂ ನಿಲ್ಲಿಸಿಬಿಡುತ್ತಿದ್ದರು. ಮಕ್ಕಳು ನಿದ್ದೆ ಹೋದರಾ ಅಂತ ನೋಡಲು ಮಾತ್ರ ಅಲ್ಲ. ಆ "ಹ್ಞೂಂ"ನ ದನಿಯಲ್ಲೇ ಕಥೆ ಹೇಗೆ ಹೋಗುತ್ತಿದೆ ಅಂತ ತಿಳಿಯುತ್ತಿತ್ತು.

ಹಾಗಾಗಿ ಮನೆಯಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವರ ಪಕ್ಕ ನಿಂತು ಹೇಳಿದರೂ ಸರಿ. ಕೈಗೆ ಕೆಲಸ ಇರುವವರು ಒಳ್ಳೆಯ ಕೇಳುಗರು. ಯಾರೂ ಸಿಗಲಿಲ್ಲವಾ, ಮೊಬೈಲಿನ ರೆಕಾರ್ಡರ್ ಹಾಕಿಕೊಂಡು ಹತ್ತು ನಿಮಿಷ ಹೇಳಿ. ಆಮೇಲೆ ಕೇಳುವಾಗ ಎರಡು ವಿಷಯ ಗಮನಿಸಿ.

ಒಂದು, ಘಟನೆಯಿಂದ ಘಟನೆಗೆ ಹೋಗುವಾಗ ಯಾವ ಪದ ಹೇಳಿದಿರಿ? ಬರೀ "ಆಮೇಲೆ... ಆಮೇಲೆ..." ಅಂತಿದ್ದರೆ ಅದು ದಿನಚರಿ. "ಅದಕ್ಕೇ", "ಆದರೆ", "ಅಷ್ಟರಲ್ಲಿ" ಬರುತ್ತಿದ್ದರೆ ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬರುತ್ತಿದೆ ಅಂತ ಅರ್ಥ.

ಇನ್ನೊಂದು, ನಿಮ್ಮ ದನಿ ಎಲ್ಲಿ ತಾನಾಗಿ ನಿಧಾನವಾಯಿತು? ನಾನು ಸವಿತಾಳ ಕಥೆ ಹೇಳಿ ಕೇಳಿಸಿಕೊಂಡಾಗ, ಅಣ್ಣನ ಜೊತೆಗಿನ ಜಗಳವನ್ನು ಒಂದೇ ಉಸಿರಿಗೆ ಓಡಿಸಿದ್ದೆ. ಆ ಜಗಳವೇ ಕಥೆ ಅಂದುಕೊಂಡಿದ್ದೆ, ಅಲ್ವಾ? ಆದರೆ ಟಿಕೆಟ್ಟನ್ನು ಎಲ್ಲಿ ಇಟ್ಟುಕೊಂಡಳು ಅಂತ ಹೇಳುವಾಗ ದನಿ ತಗ್ಗಿತ್ತು. ಅಲ್ಲಿ ಏನೋ ಇದೆ ಅಂತ ಗುರುತು ಹಾಕಿಕೊಂಡೆ.

ತುಂಬ ಜನರಿಗೆ ಹೇಳಬೇಡಿ. ಒಂದೇ ಸಲ ಹೇಳಿ, ಬಿಸಿ ಆರುವ ಮುಂಚೆ ಬರೆಯಲು ಕೂರಿ. ಹೇಳದೆ ಕಟ್ಟಿಟ್ಟುಕೊಳ್ಳುವುದೂ ಒಳ್ಳೆಯದಲ್ಲ. ಕನ್ನಡದ ಒಂದು ಜನಪದ ಕಥೆಯಲ್ಲಿ ಹೀಗೇ ಆಗುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳಲಿಲ್ಲವಂತೆ. ಒಳಗೇ ಇದ್ದು ಉಸಿರುಗಟ್ಟಿ, ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಂದವಂತೆ. ಕಥೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಅಂಗಿಯಾಗಿ ಗೂಟಕ್ಕೆ ತೂಗಿಬಿತ್ತು. ಯಾರದು ಇದು ಅಂತ ಗಂಡ ಜಗಳ ತೆಗೆದ. ಎಷ್ಟೋ ಆದಮೇಲೆ ನಿಜ ತಿಳಿದು, ಆ ಕಥೆ ಏನು ಅಂತ ಅವನೇ ಕೇಳಿದರೆ, ಅವಳಿಗೆ ಮರೆತೇಹೋಗಿತ್ತಂತೆ.

4. ಮೊದಲ ಕರಡು: ಒಂದೇ ಪ್ರಶ್ನೆ ಹಿಡಿದು ನಡೆಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ. ಹಿಂದೆ ತಿರುಗಿ ತಿದ್ದಬೇಡಿ. ಪ್ರತಿ ಪ್ಯಾರಾ ಮುಗಿದಾಗ "ಕಥೆಯಲ್ಲಿ ಈಗ ಏನಾಗಬೇಕು?" ಅಂತ ಕೇಳಬೇಡಿ. "ಇವಳು ಈಗ ಏನು ಮಾಡುತ್ತಾಳೆ?" ಅಂತ ಕೇಳಿ. ಕೇಳಲು ಎರಡೂ ಒಂದೇ ಥರ. ಆದರೆ ಮೊದಲನೆಯದಕ್ಕೆ ಉತ್ತರ ಕೊಡುವವರು ನೀವು, ಎರಡನೆಯದಕ್ಕೆ ಉತ್ತರ ಕೊಡುವವಳು ಸವಿತಾ.

ಹತ್ತಿರದಿಂದ ನೋಡೋಣ. ಗೋಪುರ ಎಳೆದು ಬರೆದಿದ್ದರೆ ನನ್ನ ಕಥೆ ಹೀಗಿರುತ್ತಿತ್ತು: ಮೊದಲ ಪುಟ ಬಸ್ಸು. ಎರಡನೆಯದರಲ್ಲಿ ಅಣ್ಣನ ಮನೆ, ಕಾಫಿ, ಜಗಳ. ಮೂರನೆಯದರಲ್ಲಿ ಬೀರುವಿನಿಂದ ಅಪ್ಪನ ಹಳೇ ಫೋಟೋ ಬೀಳುತ್ತದೆ, ಇಬ್ಬರೂ ಅಳುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಕಥೆ. ನನಗೂ ಬರೆಯುವ ಮೊದಲೇ ಗೊತ್ತಿತ್ತು.

ಕರಡಿನಲ್ಲಿ ಬಂದದ್ದು ಇದು:

"ಕಂಡಕ್ಟರ್ ಟಿಕೆಟ್ಟಿನ ಹಿಂದೆ 7 ಅಂತ ಬರೆದು ಕೊಟ್ಟ. ಸವಿತಾ ಅದನ್ನು ಉದ್ದಕ್ಕೆ ಮಡಚಿ ವಾಚಿನ ಪಟ್ಟಿಯೊಳಗೆ ಸಿಕ್ಕಿಸಿದಳು."

ಇಲ್ಲಿ ಪೆನ್ನು ನಿಂತಿತು. ವಾಚಿನ ಪಟ್ಟಿಯೊಳಗೆ ಯಾಕೆ? ಪರ್ಸ್ ಇತ್ತಲ್ಲ. ಹಾಗೆ ಸಿಕ್ಕಿಸುವುದನ್ನು ಯಾರೋ ಕಲಿಸಿರಬೇಕು. ಮುಂದಿನ ಸಾಲು ತಾನಾಗಿ ಬಂತು:

"ಅಪ್ಪ ಹಾಗೇ ಮಾಡುತ್ತಿದ್ದ. ಊರು ಇನ್ನೂ ಎರಡು ಸ್ಟಾಪು ಇರುವಾಗಲೇ ಎದ್ದು, ಕಂಬಿ ಹಿಡಿದು, ಟಿಕೆಟ್ಟು ಮುಂದೆ ಚಾಚಿ ನಿಂತುಬಿಡುತ್ತಿದ್ದ. ಚಿಲ್ಲರೆ ಕೈಗೆ ಬೀಳುವವರೆಗೂ ಮೆಟ್ಟಿಲು ಇಳಿಯುತ್ತಿರಲಿಲ್ಲ. ಬಸ್ಸಲ್ಲಿ ಎಲ್ಲರೂ ನೋಡುತ್ತಿದ್ದರು. ಸವಿತಾ ಅಪ್ಪನ ಮಗಳು ಅಲ್ಲ ಅನ್ನುವ ಹಾಗೆ ಮುಂದೆ ಇಳಿದು ನಡೆಯುತ್ತಿದ್ದಳು."

ಇದು ನನ್ನ ಚೀಟಿಯಲ್ಲಿ ಇರಲಿಲ್ಲ. ಬರೆದ ಮೇಲೆ ನನಗೇ ಮೈ ಜುಮ್ಮೆಂದಿತು. ಯಾಕೆಂದರೆ ಸವಿತಾ ಈಗ ಹೊರಟಿರುವುದೂ ತನಗೆ ಬರಬೇಕಾದ್ದನ್ನು ಕೇಳಲು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕೇಂದ್ರದ ಕಾನೂನು 2005ರಲ್ಲೇ ತಿದ್ದುಪಡಿ ಆಗಿದೆ. ಆದರೆ ಅಣ್ಣನ ಜಗಲಿಯಲ್ಲಿ ಕೂತು ಬಾಯಿಬಿಟ್ಟು ಕೇಳಬೇಕಲ್ಲ. ಅಪ್ಪ ಕಂಬಿ ಹಿಡಿದು ನಿಂತಾಗ ಅವಳಿಗೆ ಆಗಿದ್ದ ನಾಚಿಕೆಯೇ ಈಗ ಅವಳ ಗಂಟಲಲ್ಲಿ ಕೂತಿದೆ. ಭಾಗದ ಜಗಳ ಅಂತ ಶುರುವಾದ ಕಥೆ, ಕೇಳುವ ನಾಚಿಕೆಯ ಕಥೆಯಾಯಿತು. ಮಡಚಿದ ಆ ಟಿಕೆಟ್ಟಿನ ಹಿಂದೆ ಹೋಗದೆ ಇದ್ದಿದ್ದರೆ ನನಗೆ ಇದು ಸಿಗುತ್ತಲೇ ಇರಲಿಲ್ಲ.

ಹಾಗಾಗಿ ನೀವು ಎಣಿಸದ ಕಡೆ ಕಥೆ ತಿರುಗಿದರೆ ಒಂದು ಪುಟದಷ್ಟು ಸುಮ್ನೆ ಹಿಂಬಾಲಿಸಿ. ಒಂದು ಪುಟ ಆದಮೇಲೂ ಅಲ್ಲಿ ಜೀವ ಇಲ್ಲ ಅನ್ನಿಸಿದರೆ ಹಿಂದಕ್ಕೆ ಬನ್ನಿ. ಹೋದದ್ದು ಒಂದು ಹಾಳೆ ಅಷ್ಟೇ.

ಅಡ್ಡದಾರಿ ಹಿಡಿದಾಗ ಕಳೆದುಹೋಗದಿರಲು ಹರಿಕಥೆ ದಾಸರ ಉಪಾಯ ಇದೆ. ಅವರು ಉಪಕಥೆಗೆ ಹೋಗುತ್ತಾರೆ, ಅಲ್ಲಿಂದ ಊರ ಸಮಾಚಾರಕ್ಕೂ ಹೋಗುತ್ತಾರೆ. ಎಲ್ಲಿಗೆ ಹೋದರೂ ಕೊನೆಗೆ ಪಲ್ಲವಿ ಎತ್ತಿಕೊಂಡು ಮೂಲಕ್ಕೆ ಬಂದುಬಿಡುತ್ತಾರೆ. ಕೇಳುವವರಿಗೆ ಆ ನಂಬಿಕೆ ಇರುವುದರಿಂದ ಉಪಕಥೆ ಬೇಸರ ತರಿಸುವುದಿಲ್ಲ. ನಿಮ್ಮ ಕಥೆಯ ಪಲ್ಲವಿ ನೀವು ಹಿಡಿದ ಆ ವಸ್ತು. ಪ್ರತಿ ಅಡ್ಡದಾರಿಯ ಕೊನೆಗೆ ನಾನು ವಾಚಿನ ಪಟ್ಟಿಗೆ ವಾಪಸ್ ಬಂದೆ. ಒಂದು ಸಲ ಅವಳು ಅದನ್ನು ಮುಟ್ಟಿ ನೋಡಿದಳು. ಇನ್ನೊಂದು ಸಲ ಕೈ ಬೆವರಿ ಅಂಕಿ ಕದಡಿತ್ತು.

5. ಕನ್ನಡ ವಾಕ್ಯದ ನಡಿಗೆ ಬಳಸಿಕೊಳ್ಳಿ

ಹರಿವು ಅನ್ನುವುದು ಘಟನೆಗಳಲ್ಲಿ ಮಾತ್ರ ಇರುವುದಿಲ್ಲ, ವಾಕ್ಯದಲ್ಲೂ ಇರುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಸಾಧನಗಳಿವೆ.

"ಎದ್ದು, ಮುಖ ತೊಳೆದು, ಒಲೆ ಹಚ್ಚಿ, ಎಸರಿಟ್ಟಳು." ನಾಲ್ಕು ಕೆಲಸ, ಒಂದೇ ಉಸಿರು. ಕ್ರಿಯಾಪದ ಪೂರ್ತಿ ಆಗುವುದು ಕೊನೆಗೆ ಮಾತ್ರ, ಅಲ್ಲಿಯವರೆಗೆ ಓದುಗರು ನಿಲ್ಲುವುದಿಲ್ಲ. ಅದೇ ಮಾತನ್ನು "ಎದ್ದಳು. ಮುಖ ತೊಳೆದಳು. ಒಲೆ ಹಚ್ಚಿದಳು. ಎಸರಿಟ್ಟಳು" ಅಂತ ಬರೆದು ನೋಡಿ. ಈಗ ಅವಳ ಮನಸ್ಸು ಭಾರವಾಗಿದೆ. ಒಂದೊಂದು ಕೆಲಸಕ್ಕೂ ಅವಳು ತನ್ನನ್ನು ತಾನು ನೂಕಿಕೊಳ್ಳುತ್ತಿದ್ದಾಳೆ. ಅರ್ಥ ಒಂದೇ, ನಡಿಗೆ ಬೇರೆ. ಓಡಿಸಬೇಕಾದಲ್ಲಿ ಸರಪಣಿ ಹಾಕಿ, ನಿಲ್ಲಿಸಬೇಕಾದಲ್ಲಿ ತುಂಡು ಮಾಡಿ. ಮೇಲಿನ ಕರಡಿನಲ್ಲಿ ಅಪ್ಪ "ಎದ್ದು, ಕಂಬಿ ಹಿಡಿದು, ಟಿಕೆಟ್ಟು ಮುಂದೆ ಚಾಚಿ" ನಿಲ್ಲುವುದು ಒಂದೇ ಸರಪಣಿ. ಅವನಿಗೆ ಅದರಲ್ಲಿ ಅನುಮಾನವೇ ಇಲ್ಲ.

ಇನ್ನೊಂದು, "ಅಂತೆ". "ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ" ಅಂದ ಕೂಡಲೇ ಹೇಳುವವರು ತಾವು ಕಣ್ಣಾರೆ ಕಂಡಿಲ್ಲ ಅಂತ ಒಪ್ಪಿಕೊಂಡ ಹಾಗಾಯಿತು. ಯಾರೋ ಹೇಳಿದ ವಿಷಯ, ಊರ ಬಾಯಿಯ ವಿಷಯ ಬಂದಾಗ ಈ ಎರಡಕ್ಷರ ಒಂದಿಡೀ ವಿವರಣೆಯನ್ನು ಉಳಿಸುತ್ತದೆ.

ಮಾತಿನ ಭಾಗವನ್ನು ಆ ಊರಿನ ಮಾತಲ್ಲೇ ಬಿಡಿ. ಹಾಸನದ ಕಡೆಯ ಅಣ್ಣ ಪಠ್ಯಪುಸ್ತಕದ ಕನ್ನಡ ಮಾತಾಡಿದರೆ ಅವನು ಸವಿತಾಳ ಅಣ್ಣ ಅಂತ ನನಗೇ ನಂಬಿಕೆ ಬರುವುದಿಲ್ಲ.

6. ನಿಂತುಹೋದಾಗ

ನಿಂತೇ ನಿಲ್ಲುತ್ತದೆ. ಹೆದರಬೇಡಿ. ನನ್ನ ಅನುಭವದಲ್ಲಿ ಕಾರಣ ಹೆಚ್ಚಾಗಿ ಇಷ್ಟೇ: ಆ ಮನುಷ್ಯ ಮಾಡದ ಕೆಲಸವನ್ನು ನೀವು ಅವನ ಕೈಲಿ ಮಾಡಿಸಿದ್ದೀರಿ. ಹಿಂದಕ್ಕೆ ಓದುತ್ತಾ ಹೋಗಿ, ನಿಜ ಅನ್ನಿಸುವ ಕೊನೆಯ ಸಾಲು ಸಿಕ್ಕಿದಲ್ಲಿ ಗೆರೆ ಹಾಕಿ. ಅದರ ಕೆಳಗಿನದನ್ನು ಬಿಟ್ಟು ಅಲ್ಲಿಂದ ಮತ್ತೆ ಹೊರಡಿ. ನಾನು ಸವಿತಾಳಿಂದ ಬಸ್ಸಿನಲ್ಲೇ ಅಣ್ಣನಿಗೆ ಫೋನ್ ಮಾಡಿಸಿ ಸಿಟ್ಟಾಗಿಸಿದ್ದೆ. ಅವಳು ಅಂಥವಳಲ್ಲ. ಕಥೆ ಅಲ್ಲೇ ಕೂತುಬಿಟ್ಟಿತು. ಫೋನು ತೆಗೆದ ಮೇಲೆ ಮತ್ತೆ ಎದ್ದಿತು.

ಕೆಲವು ಸಲ ಜಾಗ ಗೊತ್ತಿಲ್ಲದೆ ನಿಲ್ಲುತ್ತದೆ. ಆ ಹೊತ್ತಿಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಒಲೆಯ ಮೇಲೆ ಏನಿದೆ, ಯಾರ ಮನೆ ನಾಯಿ ಬೊಗಳುತ್ತದೆ? ಗೊತ್ತಿಲ್ಲದಿದ್ದರೆ ಎದ್ದು ಹೋಗಿ ನೋಡಿ, ಇಲ್ಲವೇ ಗೊತ್ತಿರುವವರನ್ನು ಕೇಳಿ.

ಉದ್ದದ ಕಥೆಯಾದರೆ ಇನ್ನೊಂದು ದಾರಿ ಇದೆ. ಮಲೆ ಮಹದೇಶ್ವರನ ಕಾವ್ಯ ಹಾಡುವ ಕಂಸಾಳೆಯವರು ಕಥೆಯನ್ನು ಸಾಲುಗಳಾಗಿ, ಅಂದರೆ ಬಿಡಿ ಬಿಡಿ ಭಾಗಗಳಾಗಿ, ಇಟ್ಟುಕೊಂಡಿರುತ್ತಾರೆ. ಸಂಕಮ್ಮನ ಸಾಲು ಅಂತ ಒಂದು, ಹಾಗೆಯೇ ಬೇರೆ ಬೇರೆ. ಒಂದು ಸಾಲನ್ನು ಬಿಡಿಯಾಗಿಯೇ ಹಾಡಬಹುದು. ನೀವೂ ಹಾಗೇ ಮಾಡಿ. ನಿಮ್ಮನ್ನು ಕೂಗಿ ಕರೆಯುವ ಭಾಗ ಯಾವುದೋ ಅದನ್ನು ಮೊದಲು ಬರೆಯಿರಿ. ಜೋಡಿಸುವುದು ಆಮೇಲೆ.

7. ಬರೆದು ಮುಗಿದ ಮೇಲೆ ಎಲುಬು ಮುಟ್ಟಿ ನೋಡಿ

ಕರಡನ್ನು ಒಂದು ವಾರ ತೆಗೆಯಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ಸಾಧ್ಯವಾದರೆ ಮೊದಲು ಹೂಂಗುಟ್ಟಿದವರ ಎದುರಿಗೇ. "ಹ್ಞೂಂ" ಎಲ್ಲಿ ಸೋತಿತೋ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಗೀರು. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಎಲ್ಲಿ ಬೇರೆ ಯೋಚನೆ ಬಂತು?" ಅಂತ ಕೇಳಿ.

ಈಗ ಪ್ರತಿ ಪ್ಯಾರಾದ ಪಕ್ಕ ಅದು ಏನು ಮಾಡುತ್ತಿದೆ ಅಂತ ಎರಡು ಪದ ಬರೆಯಿರಿ. "ಟಿಕೆಟ್ಟು, ಅಪ್ಪ." "ನಾಚಿಕೆ, ಮೊದಲ ಸಲ." "ಪಕ್ಕದ ಸೀಟಿನ ಹುಡುಗ." ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಕಥೆ ತಾನೇ ಕಟ್ಟಿಕೊಂಡ ರಚನೆ ಕಾಣುತ್ತದೆ. ಗೋಪುರ, ಸಂಧಿ ಅಂತ ಓದಿದ್ದೆಲ್ಲ ಈಗ ಕೆಲಸಕ್ಕೆ ಬರುತ್ತದೆ. ನನ್ನ ಪಟ್ಟಿಯಲ್ಲಿ ಪಕ್ಕದ ಸೀಟಿನ ಹುಡುಗ ಒಂದೂವರೆ ಪುಟ ತಿಂದಿದ್ದ. ಇಷ್ಟವಾದ ಹುಡುಗ. ಆದರೆ ಅವನಿಂದ ಟಿಕೆಟ್ಟಿಗೆ ದಾರಿಯೇ ಇರಲಿಲ್ಲ, ಹಾಗಾಗಿ ತೆಗೆದು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಅವನಿಗೆ ಅವನದೇ ಕಥೆ ಬೇಕು. ಇನ್ನೊಂದು ಕಡೆ ಅಣ್ಣ ಒಮ್ಮೆಲೇ ಮೆತ್ತಗಾಗಿದ್ದ. ಅದಕ್ಕೆ ಕಾರಣವೇ ಇರಲಿಲ್ಲ. ಅಪ್ಪನ ಚಿಲ್ಲರೆಯ ವಿಷಯ ಅವನಿಗೂ ನೆನಪಿದೆ ಅಂತ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ತಿದ್ದುವಾಗ ಒಂದು ಎಚ್ಚರ. ಎಲ್ಲ ಉಬ್ಬುತಗ್ಗನ್ನೂ ಸಮ ಮಾಡಬೇಡಿ. ಅಪ್ಪ ಕಂಬಿ ಹಿಡಿದು ನಿಲ್ಲುವ ಭಾಗ ನನ್ನ ಕಥೆಯಲ್ಲಿ ಮೂರು ಪ್ಯಾರಾ. ಊರು ತಲುಪುವುದು ಅರ್ಧ ಸಾಲು. ಅದು ಹಾಗೇ ಇರಲಿ.

8. ಮುಗಿಸುವುದು

ಕೊನೆಯ ಪ್ಯಾರಾವನ್ನು ಅಂಗೈಯಿಂದ ಮುಚ್ಚಿ ಓದಿ ನೋಡಿ. ಕಥೆ ಅದಿಲ್ಲದೆಯೂ ಮುಗಿದಿದ್ದರೆ ಅದನ್ನು ತೆಗೆಯಿರಿ. ಆಮೇಲೆ ಅದರ ಹಿಂದಿನದನ್ನೂ ಹಾಗೇ ಮುಚ್ಚಿ ನೋಡಿ. ಓದುಗರಿಗೆ ಅರ್ಥವಾಗಲಿಲ್ಲವೇನೋ ಅನ್ನುವ ಭಯದಿಂದ ನಾವು ಕೊನೆಯಲ್ಲಿ ಜಾಸ್ತಿ ಮಾತಾಡುತ್ತೇವೆ.

ನನ್ನ ಕರಡಿನಲ್ಲಿ ಅಣ್ಣ ತಂಗಿ ಮಾತಾಡಿ, ಪಾಲಿನ ವಿಷಯ ಇತ್ಯರ್ಥವಾಗಿ, ಸವಿತಾ ವಾಪಸ್ ಬಸ್ಸು ಹತ್ತುವವರೆಗೂ ಇತ್ತು. ಮುಚ್ಚುತ್ತಾ ಮುಚ್ಚುತ್ತಾ ಹಿಂದಕ್ಕೆ ಬಂದೆ. ಕೊನೆಗೆ ಉಳಿದದ್ದು ಇದು:

"ಕೈಕಾಲು ತೊಳೆಯಲು ವಾಚು ಬಿಚ್ಚಿದಾಗ ಟಿಕೆಟ್ಟು ಬಚ್ಚಲ ಕಲ್ಲಿನ ಮೇಲೆ ಬಿತ್ತು. ಟವೆಲ್ ಕೊಡಲು ಬಂದ ಅಣ್ಣ ಬಗ್ಗಿ ಎತ್ತಿಕೊಂಡ. ತಿರುಗಿಸಿ ನೋಡಿದ.

'ಏಳು ರೂಪಾಯಿ ಬಿಟ್ಟು ಬಂದ್ಯಾ?'

'ಹ್ಞೂಂ.'

'ಅಪ್ಪ ಆಗಿದ್ರೆ ಇಳೀತಾನೇ ಇರ್ಲಿಲ್ಲ.'

ಸವಿತಾ ನಲ್ಲಿ ನಿಲ್ಲಿಸಿದಳು. ಟಿಕೆಟ್ಟಿಗೆ ಕೈ ಚಾಚಿದಳು. ಅಣ್ಣ ಕೊಡುವವರೆಗೂ ಹಾಗೇ ನಿಂತಿದ್ದಳು."